ಕ್ಲಿನಿಕ್ ಸಾಫ್ಟ್‌ವೇರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಹೊರಗೆ ರೋಗಿಗಳು ಕೂತಿದ್ದಾರೆ, ಸ್ಕ್ರೀನ್ ಮೇಲೆ ಚಕ್ರ ಸುತ್ತುತ್ತಲೇ ಇದೆ. ಇಂಥ ಹೊತ್ತಲ್ಲಿ ಮೊದಲು ನೋಡಬೇಕಾದದ್ದು ಕಂಪ್ಯೂಟರನ್ನಲ್ಲ, ರೋಗಿಯನ್ನು. ಕಾಗದ ತೆಗೆದುಕೊಳ್ಳಿ. ಹೆಸರು, ಹುಟ್ಟಿದ ದಿನಾಂಕ, ಫೋನ್ ನಂಬರ್, ಬಂದ ಸಮಯ, ಅಲರ್ಜಿ, ಈಗ ನುಂಗುತ್ತಿರುವ ಮಾತ್ರೆಗಳು. ಇಷ್ಟಿದ್ದರೆ ಡಾಕ್ಟರು ನೋಡಲು ಶುರು ಮಾಡಬಹುದು. ಅಲರ್ಜಿಯನ್ನಂತೂ ಬಾಯಿಬಿಟ್ಟು ಕೇಳಲೇಬೇಕು. ಹಳೇ ದಾಖಲೆ ತೆರೆಯದ ದಿನ ಎಚ್ಚರಿಕೆ ಕೊಡುವ ಕೆಂಪು ಅಕ್ಷರವೂ ಇರುವುದಿಲ್ಲ.

ಸಾಫ್ಟ್‌ವೇರ್ ಮತ್ತೆ ಬಂದ ಮೇಲೆ ಈ ಕಾಗದಗಳನ್ನು ಒಳಗೆ ಹಾಕುವಾಗ ರೋಗಿಯನ್ನು ನೋಡಿದ ನಿಜವಾದ ಸಮಯವನ್ನೇ ನಮೂದಿಸಿ, ಟೈಪ್ ಮಾಡಿದ ಸಮಯವನ್ನಲ್ಲ. ಮೊದಲು ಅಲರ್ಜಿ ಮತ್ತು ಬರೆದುಕೊಟ್ಟ ಔಷಧಿ, ಆಮೇಲೆ ಬಿಲ್ಲು. ಇನ್ನೊಬ್ಬರು ತಾಳೆ ನೋಡುವವರೆಗೆ ಕಾಗದವನ್ನು ಎಸೆಯಬೇಡಿ.

ಮೂರು ಪ್ರಶ್ನೆ, ಎರಡೇ ನಿಮಿಷ

ಯಾವ ಕಂಪನಿಯ ಸಾಫ್ಟ್‌ವೇರ್ ಆದರೂ ಸರಿ, ಏನನ್ನೂ ಬದಲಾಯಿಸುವ ಮೊದಲು ಇವನ್ನು ಕೇಳಿಕೊಳ್ಳಿ. ತೊಂದರೆ ಒಂದೇ ಕಂಪ್ಯೂಟರಲ್ಲೋ, ಎಲ್ಲದರಲ್ಲೋ? ಒಬ್ಬರ ಲಾಗಿನ್‌ಗೆ ಮಾತ್ರವೋ, ಎಲ್ಲರಿಗೋ? ಒಬ್ಬ ರೋಗಿಯ ಫೈಲಲ್ಲೋ, ಎಲ್ಲ ಫೈಲಲ್ಲೋ?

ಪಕ್ಕದ ಕಂಪ್ಯೂಟರಲ್ಲಿ ಸರಿಯಾಗಿ ನಡೆದರೆ ಸರ್ವರ್ (ದಾಖಲೆಗಳೆಲ್ಲ ಇರುವ ಮುಖ್ಯ ಕಂಪ್ಯೂಟರ್) ಚೆನ್ನಾಗಿದೆ, ದೋಷ ನಿಮ್ಮ ಮೇಜಿನ ಮೇಲಿದೆ. ಅದೇ ಕಂಪ್ಯೂಟರಲ್ಲಿ ಬೇರೆಯವರ ಲಾಗಿನ್ ನಡೆದರೆ ಅದು ಅನುಮತಿಯ ವಿಷಯ. ಒಬ್ಬ ರೋಗಿಯ ಫೈಲ್ ತೆರೆದಾಗ ಮಾತ್ರ ಪ್ರೋಗ್ರಾಂ ಬಿದ್ದುಹೋದರೆ ಆ ದಾಖಲೆಯಲ್ಲೇ ಏನೋ ಕೆಟ್ಟಿದೆ. ಅದನ್ನು ಮತ್ತೆ ಮತ್ತೆ ತೆರೆಯಬೇಡಿ, ಸಪೋರ್ಟ್‌ನವರಿಗೆ ಬಿಡಿ.

ನಾಲ್ಕನೆಯದೂ ಒಂದಿದೆ: ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ? ಅಪ್‌ಡೇಟ್, ಹೊಸ ರೂಟರ್, ಹೊಸ ಪ್ರಿಂಟರ್, ಕರೆಂಟ್ ಹೋಗಿ ಬಂದದ್ದು, ಮೇಜು ಜರುಗಿಸಿದ್ದು. ಕಾರಣ ಜಾಸ್ತಿ ದೂರ ಇರುವುದಿಲ್ಲ.

"ಸರ್ವರ್ ಸಿಗುತ್ತಿಲ್ಲ" ಎನ್ನುತ್ತದೆ, ತೆರೆಯುವುದೇ ಇಲ್ಲ

ಸಾಫ್ಟ್‌ವೇರ್ ಬ್ರೌಸರ್‌ನಲ್ಲಿ ನಡೆಯುವಂಥದ್ದೋ, ಕ್ಲಿನಿಕ್‌ನೊಳಗಿನ ಒಂದು ಕಂಪ್ಯೂಟರನ್ನೇ ಸರ್ವರ್ ಮಾಡಿಕೊಂಡದ್ದೋ ಎಂಬುದು ಮೊದಲು ಗೊತ್ತಿರಬೇಕು.

ಬ್ರೌಸರ್‌ನದಾದರೆ ಬೇರೆ ಯಾವುದಾದರೂ ವೆಬ್‌ಸೈಟ್ ತೆರೆದು ನೋಡಿ. ಅದೂ ಬರದಿದ್ದರೆ ಇಂಟರ್ನೆಟ್ ಹೋಗಿದೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಕೆಲಸ ಮುಂದುವರಿಸಬಹುದು, ಅದಕ್ಕೆ ಪಾಸ್‌ವರ್ಡ್ ಇದ್ದರೆ ಮಾತ್ರ. ಬೇರೆ ಸೈಟ್ ಬಂದು ಇದೊಂದೇ "ಈ ಸಂಪರ್ಕ ಸುರಕ್ಷಿತವಲ್ಲ" ಎಂದರೆ ಕಂಪ್ಯೂಟರಿನ ದಿನಾಂಕ ನೋಡಿ. ತಾರೀಖು ಹಿಂದಕ್ಕೋ ಮುಂದಕ್ಕೋ ಹೋಗಿದ್ದರೆ ಸೈಟ್ ಅಸಲಿ ಎಂದು ತೋರಿಸುವ ಭದ್ರತಾ ಸರ್ಟಿಫಿಕೇಟನ್ನು ಬ್ರೌಸರ್ ಒಪ್ಪುವುದಿಲ್ಲ. ಸರಿ ಮಾಡಿದ ಗಡಿಯಾರ ಪ್ರತಿಸಲ ಕಂಪ್ಯೂಟರ್ ಆರಿಸಿ ಹಾಕಿದಾಗ ಮತ್ತೆ ತಪ್ಪುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಬಟನ್ ಬ್ಯಾಟರಿ ಮುಗಿದಿದೆ. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ಸಿಆರ್2032, 3 ವೋಲ್ಟ್‌ನದು. ಬಹಳ ಅಗ್ಗದ ವಸ್ತು. ದಿನಾಂಕ ಸರಿಯಿದ್ದೂ ಎಚ್ಚರಿಕೆ ಬಂದರೆ "ಪರವಾಗಿಲ್ಲ, ಮುಂದುವರಿಸು" ಎಂದು ಒತ್ತಬೇಡಿ. ಅಲ್ಲಿ ನಿಲ್ಲಿಸಿ, ಸಪೋರ್ಟ್‌ಗೆ ಫೋನ್ ಮಾಡಿ.

ಮೊಬೈಲ್ ಆ್ಯಪ್‌ನಲ್ಲಿ ಬರುವ ಆರು ಅಂಕಿಯ ಲಾಗಿನ್ ಕೋಡ್ ಸುಮ್ನೆ ಸುಮ್ನೆ ತಪ್ಪು ಎನ್ನುತ್ತಿದ್ದರೂ ಗಡಿಯಾರವನ್ನೇ ನೋಡಿ. ಈ ಕೋಡ್‌ಗಳು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಸಮಯದ ಲೆಕ್ಕದಲ್ಲೇ ಹುಟ್ಟುತ್ತವೆ. ಫೋನಿನ ಸಮಯವನ್ನು ಸ್ವಯಂಚಾಲಿತಕ್ಕೆ ಇಟ್ಟರೆ ಎಷ್ಟೋ ಸಲ ಅಲ್ಲಿಗೆ ಮುಗಿಯುತ್ತದೆ.

ಸರ್ವರ್ ಕ್ಲಿನಿಕ್‌ನೊಳಗೇ ಇದ್ದರೆ ಹೋಗಿ ಅದನ್ನು ಕಣ್ಣಾರೆ ನೋಡಿ. ಆನ್ ಆಗಿದೆಯಾ? ನಿದ್ದೆಗೆ ಜಾರಿದೆಯಾ? ಮಾಮೂಲಿ ಡೆಸ್ಕ್‌ಟಾಪ್ ಒಂದನ್ನೇ ಸರ್ವರ್ ಮಾಡಿಕೊಂಡ ಕಡೆ ಇದು ತುಂಬಾ ಕಾಣುವ ಕಾರಣ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರ ಸಂಪರ್ಕವೂ ಕಡಿದುಹೋಗುತ್ತಿದ್ದರೆ ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಆಫ್ ಮಾಡಿ. ಆಮೇಲೆ ನೆಟ್‌ವರ್ಕ್ ಕೇಬಲ್ ಹತ್ತಿರದ ಪುಟ್ಟ ದೀಪ ನೋಡಿ. ದೀಪವೇ ಇಲ್ಲದಿದ್ದರೆ ಕೇಬಲ್ ಅಥವಾ ನೆಟ್‌ವರ್ಕ್ ಸ್ವಿಚ್‌ನ (ಕೇಬಲ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆ) ತೂತು ಬದಲಾಯಿಸಿ.

ಅದೂ ಸರಿಯಿದ್ದರೆ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಆ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ ನೋಡಿ. ವಿಂಡೋಸ್‌ನಲ್ಲಿ ಕಮಾಂಡ್ ಕಿಟಕಿ ತೆರೆದು ಐಪಿಕಾನ್ಫಿಗ್ (ipconfig) ಎಂಬ ಆದೇಶ ಕೊಟ್ಟರೆ ಅದು ಕಾಣುತ್ತದೆ. 169.254 ಎಂದು ಶುರುವಾಗುವ ವಿಳಾಸ ಬಂದರೆ ಆ ಕಂಪ್ಯೂಟರಿಗೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ರೂಟರ್ ಮರುಚಾಲನೆ ಮಾಡಿ. ಇನ್ನೊಂದು ಸಾಧ್ಯತೆ, ರೂಟರ್ ಬದಲಾದ ಮೇಲೆ ಸರ್ವರ್‌ನ ವಿಳಾಸವೇ ಬದಲಾಗಿ, ಮಿಕ್ಕ ಕಂಪ್ಯೂಟರುಗಳು ಇನ್ನೂ ಹಳೇ ವಿಳಾಸದ ಬಾಗಿಲು ತಟ್ಟುತ್ತಿರುತ್ತವೆ. ಸರ್ವರ್‌ಗೆ ಬದಲಾಗದ ವಿಳಾಸ ಕೊಡುವುದೇ ಇದಕ್ಕೆ ಮದ್ದು.

ಅಪ್‌ಡೇಟ್ ಆದ ಮರುದಿನವೇ ಶುರುವಾದ ತೊಂದರೆಯಾದರೆ ಫೈರ್‌ವಾಲ್ (ಬೇಡದ ಸಂಪರ್ಕಗಳನ್ನು ತಡೆಯುವ ಕಾವಲು ಪ್ರೋಗ್ರಾಂ) ಮೇಲೆ ಅನುಮಾನ ಪಡಿ. ವಿಂಡೋಸ್ ಕೆಲವೊಮ್ಮೆ ಕ್ಲಿನಿಕ್‌ನ ನೆಟ್‌ವರ್ಕನ್ನು "ಪಬ್ಲಿಕ್" ಎಂದು ಗುರುತಿಸಿ ಒಳಬರುವ ಸಂಪರ್ಕಗಳನ್ನೆಲ್ಲ ತಡೆಯುತ್ತದೆ. ಅದನ್ನು "ಪ್ರೈವೇಟ್" ಎಂದು ಬದಲಾಯಿಸುವುದು ಸರಿ. ಇಡೀ ಫೈರ್‌ವಾಲನ್ನೇ ಆರಿಸಿ "ಈಗ ನಡೀತಿದೆ" ಎಂದು ಬಿಟ್ಟುಬಿಡುವುದು ಖಂಡಿತ ಸರಿಯಲ್ಲ. ದಾಖಲೆಗಳನ್ನು ಇಡುವ ಡೇಟಾಬೇಸ್‌ಗೆ ಬೇಕಾದ ಪೋರ್ಟ್ (ಸಂಪರ್ಕ ಒಳಬರುವ, ಅಂಕಿಯಿಂದ ಗುರುತಿಸುವ ಬಾಗಿಲು) ಒಂದನ್ನೇ ತೆರೆಸಿ. ಸಾಮಾನ್ಯವಾಗಿ ಎಸ್‌ಕ್ಯೂಎಲ್ ಸರ್ವರ್‌ಗೆ 1433, ಮೈಎಸ್‌ಕ್ಯೂಎಲ್‌ಗೆ 3306, ಪೋಸ್ಟ್‌ಗ್ರೆಸ್‌ಗೆ 5432. ಇದನ್ನು ಕ್ಲಿನಿಕ್‌ನ ಒಳಗಿನ ನೆಟ್‌ವರ್ಕ್‌ಗೆ ಮಾತ್ರ ತೆರೆಯಬೇಕು, ಇಂಟರ್ನೆಟ್‌ಗಲ್ಲ.

ತೆರೆಯುತ್ತದೆ, ಆದರೆ ಆಮೆ ನಡಿಗೆ

ಒಂದೇ ಕಂಪ್ಯೂಟರ್ ನಿಧಾನವಾದರೆ ಮರುಚಾಲನೆ ಮಾಡಿ, ತೆರೆದಿಟ್ಟ ಬ್ರೌಸರ್ ಟ್ಯಾಬ್‌ಗಳನ್ನು ಮುಚ್ಚಿ, ಡಿಸ್ಕ್‌ನಲ್ಲಿ ಜಾಗ ಇದೆಯಾ ನೋಡಿ. ವೈಫೈಯಲ್ಲಿದ್ದರೆ ಒಮ್ಮೆ ಕೇಬಲ್ ಹಾಕಿ ಪರೀಕ್ಷಿಸಿ. ಕೇಬಲ್‌ನಲ್ಲಿ ವೇಗ ಬಂದರೆ ಉತ್ತರ ಸಿಕ್ಕಂತೆಯೇ.

ಎಲ್ಲರಿಗೂ ನಿಧಾನವಾದರೆ ಯಾವಾಗ ಎಂದು ಗಮನಿಸಿ. ದಿನವೂ ಒಂದೇ ಹೊತ್ತಿಗೆ ಆದರೆ ಬ್ಯಾಕಪ್ಪೋ ವೈರಸ್ ಸ್ಕ್ಯಾನೋ ಅದೇ ವೇಳೆಗೆ ಓಡುತ್ತಿದೆ, ಅದನ್ನು ರಾತ್ರಿಗೆ ಹಾಕಿ. ತಿಂಗಳ ಕೊನೆಗೆ ಮಾತ್ರ ಆದರೆ ಯಾರೋ ದೊಡ್ಡ ವರದಿ ತೆಗೆಯುತ್ತಿದ್ದಾರೆ. ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತಾ ಬಂದಿದ್ದರೆ ಡೇಟಾಬೇಸ್ ಬೆಳೆದಿದೆ, ದಾಖಲೆ ಬೇಗ ಹುಡುಕಲು ಅದು ಬಳಸುವ ಇಂಡೆಕ್ಸ್‌ಗಳನ್ನು ಸರಿಪಡಿಸಬೇಕು. ಇದು ಸಪೋರ್ಟ್‌ನವರ ಕೆಲಸ.

ಒಂದು ಲಕ್ಷಣವನ್ನು ಮಾತ್ರ ಚೆನ್ನಾಗಿ ನೆನಪಿಡಿ. ಹಳೇ ದಾಖಲೆ ಓದಲು ಬರುತ್ತದೆ, ಹೊಸದನ್ನು ಉಳಿಸಲು ಬರುವುದಿಲ್ಲ. ಹೀಗಾದರೆ ಹೆಚ್ಚಾಗಿ ಎಲ್ಲೋ ಜಾಗ ತುಂಬಿರುತ್ತದೆ. ಮೊದಲು ಸರ್ವರ್‌ನ ಡಿಸ್ಕ್ ನೋಡಿ. ಅಲ್ಲಿ ಜಾಗ ಇದ್ದೂ ಹೀಗಾದರೆ ಡೇಟಾಬೇಸ್‌ನ ಮಿತಿ ಮುಟ್ಟಿರಬಹುದು. ಸಣ್ಣ ಕ್ಲಿನಿಕ್‌ಗಳ ಎಷ್ಟೋ ಸಾಫ್ಟ್‌ವೇರ್‌ಗಳು ಉಚಿತ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಮೇಲೆ ನಡೆಯುತ್ತವೆ. ಅದರ 2008 ಆರ್2 ರಿಂದ 2022 ರವರೆಗಿನ ಆವೃತ್ತಿಗಳಲ್ಲಿ ಒಂದು ಡೇಟಾಬೇಸ್ 10 ಜಿಬಿ ಮೀರುವಂತಿಲ್ಲ. ಬರೀ ಅಕ್ಷರ, ಅಂಕಿಗಳಿಂದ ಅಷ್ಟು ತುಂಬಲು ಬಹಳ ಕಾಲ ಬೇಕು. ಸ್ಕ್ಯಾನ್ ಮಾಡಿದ ಕಾಗದ, ಫೋಟೊಗಳನ್ನು ಡೇಟಾಬೇಸ್‌ನೊಳಗೇ ಇಡುವ ಸಾಫ್ಟ್‌ವೇರ್ ಆದರೆ ಬೇಗ ತುಂಬುತ್ತದೆ. ಜಾಗ ಮಾಡಲು ಹಳೇ ರೋಗಿಗಳ ದಾಖಲೆ ಅಳಿಸಲು ಹೋಗಬೇಡಿ. ಸ್ಕ್ಯಾನ್‌ಗಳನ್ನು ಹೊರಗಿನ ಫೋಲ್ಡರ್‌ಗೆ ಸಾಗಿಸುವ ದಾರಿ ಇದೆಯಾ, ದೊಡ್ಡ ಆವೃತ್ತಿ ಬೇಕಾ ಎಂದು ಕಂಪನಿಯನ್ನು ಕೇಳಿ.

ಒಂದೇ ಹೊತ್ತಿಗೆ ಇಬ್ಬರು ರೋಗಿಗಳು ಬಂದು ನಿಂತಿದ್ದಾರೆ

ರಿಸೆಪ್ಷನ್‌ನಲ್ಲಿ ಸ್ಕ್ರೀನ್ ಬೆಳಿಗ್ಗೆಯಿಂದ ತೆರೆದೇ ಇದ್ದು ಹೊಸದಾಗದೆ ಹೋಗಿದ್ದರೆ, ಬೇರೆಯವರು ಕೊಟ್ಟ ಸಮಯ ಅಲ್ಲಿ ಖಾಲಿಯಾಗಿಯೇ ಕಾಣುತ್ತದೆ. ರಿಫ್ರೆಶ್ ಒತ್ತಿ ನೋಡಿ. ಆನ್‌ಲೈನ್ ಬುಕಿಂಗ್ ಬೇರೆ ಸೇವೆಯಿಂದ ಬರುತ್ತಿದ್ದರೆ ಎರಡರ ನಡುವೆ ಹೊಂದಾಣಿಕೆ ಎಷ್ಟು ನಿಮಿಷಕ್ಕೊಮ್ಮೆ ಆಗುತ್ತದೆ ಎಂದು ತಿಳಿದುಕೊಳ್ಳಿ. ಆ ಅಂತರದಲ್ಲೇ ಎರಡು ಬುಕಿಂಗ್ ಬೀಳುತ್ತವೆ. ತಡೆಯಲು ಸುಲಭ ದಾರಿ, ಕೆಲವು ಸಮಯಗಳನ್ನು ಆನ್‌ಲೈನ್‌ಗೆ, ಮಿಕ್ಕವನ್ನು ಫೋನ್ ಮತ್ತು ನೇರ ಬರುವವರಿಗೆ ಎಂದು ಬೇರೆ ಮಾಡುವುದು.

ಎಲ್ಲ ಅಪಾಯಿಂಟ್‌ಮೆಂಟ್‌ಗಳೂ ಒಂದೇ ಅಳತೆಯಲ್ಲಿ ಸರಿದು ಕೂತಿದ್ದರೆ ಅದು ಸಮಯ ವಲಯದ ಸೆಟ್ಟಿಂಗ್. ಒಂದೊಂದನ್ನೇ ಕೈಯಿಂದ ತಿದ್ದಬೇಡಿ. ಸೆಟ್ಟಿಂಗ್ ಸರಿಯಾದ ಮೇಲೆ ನೀವು ತಿದ್ದಿದವೆಲ್ಲ ಮತ್ತೆ ತಪ್ಪಾಗುತ್ತವೆ.

ಸಾಫ್ಟ್‌ವೇರ್ ಸರಿಯಿದ್ದೂ ದಿನವೂ ಸಾಲು ಬೆಳೆಯುತ್ತಿದ್ದರೆ ಸ್ಲಾಟ್‌ನ ಉದ್ದ ನೋಡಿ. ಹೊಸ ರೋಗಿಗೂ ಬಿಪಿ ನೋಡಿಸಿಕೊಂಡು ಹೋಗುವವರಿಗೂ ಒಂದೇ ಹತ್ತು ನಿಮಿಷ ಇಟ್ಟರೆ ಹೇಗೆ ಸಾಕಾಗುತ್ತೆ, ಅಲ್ವಾ? ಭೇಟಿಯ ಬಗೆಗೆ ತಕ್ಕಂತೆ ಬೇರೆ ಬೇರೆ ಅವಧಿ ಇಡಿ.

ರೋಗಿಯ ಹಳೇ ದಾಖಲೆ ಕಾಣುತ್ತಿಲ್ಲ

ದಾಖಲೆ ನಿಜಕ್ಕೂ ಕಳೆದುಹೋಗುವುದು ಅಪರೂಪ. ಹೆಸರಿನ ಕಾಗುಣಿತ ಬೇರೆಯಾಗಿ ಅವರಿಗೆ ಎರಡನೇ ಫೈಲ್ ತೆರೆದಿರುವುದೇ ಹೆಚ್ಚು. ಹೆಸರಿನ ಮೊದಲ ಮೂರು ಅಕ್ಷರದಿಂದ ಹುಡುಕಿ. ಆಮೇಲೆ ಫೋನ್ ನಂಬರ್, ಆಮೇಲೆ ಹುಟ್ಟಿದ ದಿನಾಂಕ. ದಿನ ಮತ್ತು ತಿಂಗಳು ಅದಲು ಬದಲಾಗಿರಬಹುದು, 04-07 ಬದಲು 07-04 ಹಾಕಿ ನೋಡಿ. "ನಿಷ್ಕ್ರಿಯ ರೋಗಿಗಳನ್ನೂ ತೋರಿಸು" ಎಂಬ ಆಯ್ಕೆ ಇದ್ದರೆ ಒತ್ತಿ.

ಎರಡು ಫೈಲ್ ಸಿಕ್ಕರೆ ಒಂದನ್ನು ಅಳಿಸಬೇಡಿ. ಪೆನಿಸಿಲಿನ್ ಅಲರ್ಜಿ ಒಂದರಲ್ಲಿ, ಇವತ್ತಿನ ಚೀಟಿ ಇನ್ನೊಂದರಲ್ಲಿ ಇದ್ದರೆ ಸಾಫ್ಟ್‌ವೇರ್ ಎಚ್ಚರಿಕೆಯನ್ನೇ ಕೊಡುವುದಿಲ್ಲ. ಇದು ಬರೀ ಗುಮಾಸ್ತಿಕೆಯ ತಪ್ಪಲ್ಲ, ಜೀವದ ವಿಷಯ. ಸಾಫ್ಟ್‌ವೇರ್‌ನ ಮರ್ಜ್ ಸೌಲಭ್ಯ ಬಳಸಿ ಎರಡನ್ನೂ ಸೇರಿಸಿ. ಅದಕ್ಕೂ ಮೊದಲು ಇಬ್ಬರೂ ಒಬ್ಬರೇ ಎಂದು ಕನಿಷ್ಠ ಎರಡು ಗುರುತಿನಿಂದ ಖಚಿತ ಮಾಡಿಕೊಳ್ಳಿ. ಫೋನ್ ನಂಬರ್ ಒಂದೇ ಎಂದರೆ ಸಾಲದು, ಮನೆಮಂದಿಯೆಲ್ಲ ಒಂದೇ ನಂಬರ್ ಕೊಟ್ಟಿರುತ್ತಾರೆ. ಅವಳಿಗಳಿಗೆ ಹುಟ್ಟಿದ ದಿನಾಂಕವೂ ಒಂದೇ. ಮರ್ಜ್ ಆದ ಮೇಲೆ ಬಿಡಿಸುವುದು ಬಹಳ ಕಷ್ಟ.

ಇದಕ್ಕಿಂತ ಕೆಟ್ಟದ್ದು, ಒಬ್ಬರ ಫೈಲಿನಲ್ಲಿ ಇನ್ನೊಬ್ಬರ ವಿವರ ಕಾಣುವುದು. ಹಾಗೆ ಕಂಡರೆ ಅಲ್ಲೇ ಕೈ ತೆಗೆಯಿರಿ. ಡಾಕ್ಟರಿಗೆ ತಿಳಿಸಿ. ಆ ತಪ್ಪು ವಿವರ ನೋಡಿ ಯಾರಾದರೂ ಔಷಧಿ ಕೊಟ್ಟಿದ್ದಾರಾ ಎಂದು ಅವರು ನೋಡಬೇಕು. ಯಾರು, ಯಾವಾಗ ಬರೆದರು ಎಂಬುದು ಆಡಿಟ್ ಲಾಗ್‌ನಲ್ಲಿರುತ್ತದೆ. ಎಲ್ಲರೂ ಒಂದೇ ಲಾಗಿನ್ ಹಂಚಿಕೊಂಡಿರುವ ಕ್ಲಿನಿಕ್‌ನಲ್ಲಿ ಆ ಲಾಗ್‌ನಿಂದ ಏನೂ ತಿಳಿಯುವುದಿಲ್ಲ. ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಇರಲಿ ಎಂದು ನಾನು ಒತ್ತಾಯಿಸುವುದು ಇದಕ್ಕೇ.

ಲ್ಯಾಬ್ "ಕಳಿಸಿದ್ದೇವೆ" ಎನ್ನುತ್ತದೆ, ಇಲ್ಲಿ ರಿಪೋರ್ಟ್ ಇಲ್ಲ

ಮೊದಲು ರಿಪೋರ್ಟನ್ನು ಫೋನಿನಲ್ಲೋ ಕಾಗದದಲ್ಲೋ ತರಿಸಿಕೊಳ್ಳಿ. ತುರ್ತು ಫಲಿತಾಂಶ ಸಾಫ್ಟ್‌ವೇರ್ ಸರಿಯಾಗುವವರೆಗೆ ಕಾಯಬಾರದು. ಫೋನಿನಲ್ಲಿ ಕೇಳಿದ ಅಂಕಿಗಳನ್ನು ಬರೆದುಕೊಂಡು ಅವರಿಗೇ ತಿರುಗಿ ಓದಿ ಹೇಳಿ.

ಆಮೇಲೆ "ಹೊಂದಾಣಿಕೆಯಾಗದ ರಿಪೋರ್ಟ್‌ಗಳು" ಎಂಬ ಪೆಟ್ಟಿಗೆ ಹುಡುಕಿ. ಹೆಚ್ಚಿನ ಸಾಫ್ಟ್‌ವೇರ್‌ಗಳಲ್ಲಿ ಅಂಥದ್ದೊಂದು ಎಲ್ಲೋ ಮೂಲೆಯಲ್ಲಿ ಇರುತ್ತದೆ. ಲ್ಯಾಬ್ ಕಳಿಸಿದ ಹೆಸರು, ದಿನಾಂಕ ನಿಮ್ಮದಕ್ಕೆ ಹೊಂದದಿದ್ದರೆ ರಿಪೋರ್ಟ್ ಅಲ್ಲಿ ಬಿದ್ದಿರುತ್ತದೆ. ಈ ಪೆಟ್ಟಿಗೆಯನ್ನು ದಿನಕ್ಕೊಮ್ಮೆ ನೋಡುವ ಕೆಲಸವನ್ನು ಒಬ್ಬರ ಹೆಸರಿಗೆ ಹಚ್ಚಿ.

ಅಲ್ಲೂ ಇಲ್ಲದಿದ್ದರೆ ಸಂದೇಶವೇ ಬಂದಿಲ್ಲದಿರಬಹುದು. ಲ್ಯಾಬ್‌ನ ಮತ್ತು ಕ್ಲಿನಿಕ್‌ನ ಸಾಫ್ಟ್‌ವೇರ್ ಮಾತಾಡಿಕೊಳ್ಳಲು ಹೆಚ್ಚಾಗಿ ಬಳಸುವುದು ಎಚ್‌ಎಲ್7 ಎಂಬ ಸಂದೇಶ ಕ್ರಮ. ಅದರ ಎರಡನೇ ಆವೃತ್ತಿಯಲ್ಲಿ ಸಾಮಾನ್ಯವಾಗಿ ಪ್ರತಿ ಸಂದೇಶಕ್ಕೂ ಒಂದು ಮರುಸಂದೇಶ ಇರುತ್ತದೆ. ಎಎ ಎಂದರೆ ಸ್ವೀಕಾರವಾಯಿತು, ಎಇ ಎಂದರೆ ದೋಷ, ಎಆರ್ ಎಂದರೆ ತಿರಸ್ಕಾರ. ಕ್ಲಿನಿಕ್ ಸಾಫ್ಟ್‌ವೇರ್‌ನಿಂದ ಅವರಿಗೆ ತಿರುಗಿ ಬಂದ ಮರುಸಂದೇಶ ಯಾವುದು ಎಂದು ಲ್ಯಾಬ್‌ನವರನ್ನು ಕೇಳಿ. ಎಎ ಎಂದರೆ ಕಳೆದದ್ದು ನಿಮ್ಮ ಕಡೆ. ಮರುಸಂದೇಶವೇ ಬಂದಿಲ್ಲ ಎಂದರೆ ಸಂಪರ್ಕ ಕಡಿದಿದೆ. ಈ ಒಂದು ಪ್ರಶ್ನೆಯಿಂದ "ನಿಮ್ಮದು ತಪ್ಪು, ನಿಮ್ಮದು ತಪ್ಪು" ಎನ್ನುವ ಎಳೆದಾಟ ನಿಲ್ಲುತ್ತದೆ.

ರಿಪೋರ್ಟ್ ಬಂದಿದೆ, ಅಂಕಿ ಮಾತ್ರ ವಿಚಿತ್ರ ಎನಿಸಿದರೆ ಅಳತೆಯ ಮಾನ ನೋಡಿ. ರಕ್ತದ ಸಕ್ಕರೆ 90 ಮಿಲಿಗ್ರಾಂ/ಡೆಸಿಲೀಟರ್ ಎಂದರೂ 5 ಮಿಲಿಮೋಲ್/ಲೀಟರ್ ಎಂದರೂ ಒಂದೇ. ನಡುವೆ 18 ಪಟ್ಟು. ಲ್ಯಾಬ್ ಬದಲಾದ ದಿನದಿಂದ ಗ್ರಾಫ್ ಇಷ್ಟು ಪಟ್ಟು ಜಿಗಿದಿದ್ದರೆ ರೋಗಿಗೆ ಏನೂ ಆಗಿಲ್ಲ, ಮಾನ ಬದಲಾಗಿದೆ. ಕ್ರಿಯಾಟಿನಿನ್‌ನಲ್ಲಿ ಈ ಅಂತರ ಸುಮಾರು 88 ಪಟ್ಟು. ಇದನ್ನು ಸರಿ ಮಾಡುವವರೆಗೆ ಆ ಗ್ರಾಫ್ ನೋಡಿ ಯಾರೂ ಔಷಧಿಯ ಪ್ರಮಾಣ ಬದಲಾಯಿಸಬಾರದು.

ಕ್ಲೇಮ್ ವಾಪಸ್ ಬರುತ್ತಿದೆ, ಸಂಜೆಯ ಲೆಕ್ಕ ಕೂಡುತ್ತಿಲ್ಲ

ವಿಮೆ ಕಂಪನಿಯ ಬಾಗಿಲಲ್ಲೇ ವಾಪಸ್ ಬಂದ ಕ್ಲೇಮ್ ಬೇರೆ, ಓದಿ ನೋಡಿ ನಿರಾಕರಿಸಿದ ಕ್ಲೇಮ್ ಬೇರೆ. ಮೊದಲನೆಯದರಲ್ಲಿ ಹೆಸರು, ಹುಟ್ಟಿದ ದಿನಾಂಕ, ಪಾಲಿಸಿ ಸಂಖ್ಯೆಯಂಥ ಭರ್ತಿ ತಪ್ಪು ಇರುತ್ತದೆ. ತಿದ್ದಿ ಮತ್ತೆ ಕಳಿಸಬಹುದು. ಎರಡನೆಯದಕ್ಕೆ ಕಾರಣ ಓದಿ, ದಾಖಲೆ ಸೇರಿಸಿ ಮೇಲ್ಮನವಿ ಮಾಡಬೇಕು. ತಿದ್ದದೆ ಸುಮ್ನೆ ಮತ್ತೆ ಕಳಿಸಿದರೆ ನಕಲು ಕ್ಲೇಮ್ ಎನಿಸಿಕೊಳ್ಳುತ್ತದೆ. ಒಂದೇ ವಿಮೆ ಕಂಪನಿಯವೆಲ್ಲ ವಾಪಸ್ ಬಂದರೆ ಆ ಕಂಪನಿಯ ಸೆಟ್ಟಿಂಗ್, ಒಬ್ಬ ಡಾಕ್ಟರದ್ದೆಲ್ಲ ಬಂದರೆ ಅವರ ನೋಂದಣಿ ವಿವರ ನೋಡಿ. ರೋಗದ ಕೋಡ್ ಪಟ್ಟಿ ಹಳೆಯದಾಗಿದ್ದರೂ ಹೀಗಾಗುತ್ತದೆ. ಕ್ಲೇಮ್ ಪಾಸಾಗಲಿ ಎಂದು ಡಾಕ್ಟರು ಬರೆಯದ ಕೋಡನ್ನು ಮಾತ್ರ ಹಾಕಬೇಡಿ. ಅದು ವಂಚನೆ, ರೋಗಿಯ ದಾಖಲೆಯಲ್ಲೂ ಉಳಿದುಬಿಡುತ್ತದೆ.

ಸಂಜೆಯ ಲೆಕ್ಕದ ವ್ಯತ್ಯಾಸ ಒಂದು ಬಿಲ್ಲಿನ ಮೊತ್ತಕ್ಕೆ ಸರಿಯಾಗಿದ್ದರೆ ಪಾವತಿ ಎರಡು ಸಲ ಬಿದ್ದಿದೆ ಅಥವಾ ಬಿದ್ದೇ ಇಲ್ಲ. ವ್ಯತ್ಯಾಸ 9 ರಿಂದ ಭಾಗವಾದರೆ ಅಂಕಿ ಅದಲು ಬದಲಾಗಿರಬಹುದು, 540 ಬದಲು 450 ಎಂಬಂತೆ. ತಪ್ಪಿದ ಬಿಲ್ಲನ್ನು ಅಳಿಸದೆ ರದ್ದು ನಮೂದು ಹಾಕಿ.

ಪ್ರಿಂಟ್, ಮೆಸೇಜ್, ಅಕ್ಷರ

ಚೀಟಿ ಬೇರೆ ಕೋಣೆಯ ಪ್ರಿಂಟರಿನಲ್ಲಿ ಬರುತ್ತಿದ್ದರೆ ವಿಂಡೋಸ್ ತಾನೇ ಡೀಫಾಲ್ಟ್ ಪ್ರಿಂಟರ್ ಬದಲಾಯಿಸುವ ಆಯ್ಕೆಯನ್ನು ಆಫ್ ಮಾಡಿ. ರೋಗಿಯ ಚೀಟಿ ಬೇರೆಯವರ ಕೈಗೆ ಸಿಗುವುದು ಗುಟ್ಟು ಬಯಲಾದಂತೆಯೇ. ಸಾಲಿನಲ್ಲಿ ನಿಂತ ಪ್ರಿಂಟ್ ಕದಲದಿದ್ದರೆ ಆ ಸಾಲನ್ನು ನಿಭಾಯಿಸುವ ಪ್ರಿಂಟ್ ಸ್ಪೂಲರ್ ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿ. ಥರ್ಮಲ್ ಪ್ರಿಂಟರಿನಲ್ಲಿ ಖಾಲಿ ಕಾಗದ ಬಂದರೆ ಉಗುರಿನಿಂದ ಕಾಗದ ಗೀರಿ. ಕಪ್ಪು ಗೆರೆ ಮೂಡುವ ಬದಿ ಪ್ರಿಂಟ್ ತಲೆಯ ಕಡೆ ಇರಬೇಕು.

ಅಪಾಯಿಂಟ್‌ಮೆಂಟ್ ನೆನಪಿಸುವ ಎಸ್‌ಎಂಎಸ್ ಖರ್ಚು ಇದ್ದಕ್ಕಿದ್ದಂತೆ ಜಾಸ್ತಿ ಆದರೆ ಭಾಷೆ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೆಸೇಜ್‌ಗೆ 160 ಅಕ್ಷರ, ಕನ್ನಡದಂಥ ಯೂನಿಕೋಡ್ ಲಿಪಿಯಲ್ಲಿ 70. ಕಾಗುಣಿತ, ಒತ್ತಕ್ಷರಗಳು ಬಿಡಿಬಿಡಿಯಾಗಿ ಎಣಿಕೆಯಾಗುವುದರಿಂದ ಅದೂ ಬೇಗ ಮುಗಿಯುತ್ತದೆ. ಚಿಕ್ಕದಾಗಿ ಬರೆಯಿರಿ, ರೋಗದ ಹೆಸರನ್ನಂತೂ ಬರೆಯಲೇಬೇಡಿ.

ಹೆಸರಿನ ಜಾಗದಲ್ಲಿ ಚೌಕ ಕಂಡರೆ ಹೆದರಬೇಕಿಲ್ಲ. ಆ ಕಂಪ್ಯೂಟರಲ್ಲಿ ಫಾಂಟ್ ಇಲ್ಲ, ಮಾಹಿತಿ ಕ್ಷೇಮವಾಗಿದೆ. ಪ್ರಶ್ನೆ ಚಿಹ್ನೆಗಳ ಸಾಲು ಕಂಡರೆ ಹೆಸರು ಉಳಿಸುವಾಗಲೇ ಕಳೆದುಹೋಗಿರುವ ಸಾಧ್ಯತೆ ಹೆಚ್ಚು. ಆ ಲಿಪಿಯಲ್ಲಿ ಟೈಪ್ ಮಾಡುವುದನ್ನು ಅಲ್ಲಿಗೆ ನಿಲ್ಲಿಸಿ ಕಂಪನಿಗೆ ತಿಳಿಸಿ.

ಇವು ಕಂಡರೆ ಕೈ ಹಾಕಬೇಡಿ

ಫೈಲ್‌ಗಳ ಹೆಸರಿನ ಕೊನೆ ಬದಲಾಗಿದೆ, ಹಣ ಕೇಳುವ ಪತ್ರ ತೆರೆಯುತ್ತಿದೆ. ಇದು ರ‍್ಯಾನ್ಸಮ್‌ವೇರ್, ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್. ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ವೈಫೈ ಆಫ್ ಮಾಡಿ. ನೆಟ್‌ವರ್ಕಿನಿಂದ ಬೇರೆ ಮಾಡಲು ಆಗದಿದ್ದರೆ ಮಾತ್ರ ಕಂಪ್ಯೂಟರ್ ಆಫ್ ಮಾಡಿ. ಬ್ಯಾಕಪ್ ಡಿಸ್ಕನ್ನು ಯಾವ ಕಾರಣಕ್ಕೂ ಈಗ ಚುಚ್ಚಬೇಡಿ, ಅದೂ ಹೋಗುತ್ತದೆ.

ಸರ್ವರ್‌ನ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎನ್ನುತ್ತಿದ್ದರೆ ಸರ್ವರ್ ಆಫ್ ಮಾಡಿ ತಜ್ಞರನ್ನು ಕರೆಯಿರಿ. ಡಿಸ್ಕ್ ರಿಪೇರಿ ಪ್ರೋಗ್ರಾಂ ಓಡಿಸಿದರೆ ಉಳಿದದ್ದೂ ಹೋಗಬಹುದು. ಸುಟ್ಟ ವಾಸನೆ ಬಂದರೆ ಅಥವಾ ಯುಪಿಎಸ್ ಬ್ಯಾಟರಿ ಉಬ್ಬಿದ್ದರೆ ಕರೆಂಟ್ ತೆಗೆಸಿ, ಮುಟ್ಟಬೇಡಿ. ಡೇಟಾಬೇಸ್ ಕೆಟ್ಟಿದೆ ಎಂಬ ಸಂದೇಶ ಬಂದಾಗ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕುವುದು, ಹಳೇ ಬ್ಯಾಕಪ್ಪನ್ನು ಅದರ ಮೇಲೇ ಹರಡುವುದು ಎರಡೂ ಬೇಡ. ಕೆಟ್ಟ ಪ್ರತಿಯಲ್ಲೂ ಇವತ್ತಿನ ದಾಖಲೆಗಳಿವೆ.

ಬ್ಯಾಕಪ್ ಬಗ್ಗೆ ಒಂದು ಮಾತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಕ್ಲಿನಿಕ್‌ನ ಹೊರಗೆ. ಓಡುತ್ತಿರುವ ಡೇಟಾಬೇಸ್‌ನ ಫೈಲನ್ನು ಎಳೆದು ಪೆನ್‌ಡ್ರೈವ್‌ಗೆ ಹಾಕಿದರೆ ಅದನ್ನು ಬ್ಯಾಕಪ್ ಎಂದು ನಂಬಬೇಡಿ. ಸಾಫ್ಟ್‌ವೇರ್‌ನ ಬ್ಯಾಕಪ್ ಆಯ್ಕೆಯನ್ನೇ ಬಳಸಿ, ಆಗಾಗ ಬೇರೆ ಕಂಪ್ಯೂಟರಲ್ಲಿ ಅದನ್ನು ತೆರೆದು ಒಬ್ಬ ರೋಗಿಯ ನಿನ್ನೆಯ ಭೇಟಿ ಅದರಲ್ಲಿದೆಯಾ ಎಂದು ನೋಡಿ.

ಸಪೋರ್ಟ್‌ಗೆ ಫೋನ್ ಮಾಡುವಾಗ

ತೊಂದರೆ ಶುರುವಾದ ಸಮಯ, ಎರರ್ ಸಂದೇಶದ ಪೂರ್ತಿ ಸಾಲು, ಸಾಫ್ಟ್‌ವೇರ್‌ನ ಆವೃತ್ತಿ ಸಂಖ್ಯೆ, ಮೇಲಿನ ಪ್ರಶ್ನೆಗಳಿಗೆ ಸಿಕ್ಕ ಉತ್ತರ, ನೀವು ಈಗಾಗಲೇ ಮಾಡಿ ನೋಡಿದ್ದು. ಇವಿಷ್ಟು ಕೈಯಲ್ಲಿರಲಿ. ಸ್ಕ್ರೀನ್‌ಶಾಟ್ ಕಳಿಸುವಾಗ ರೋಗಿಯ ಹೆಸರು, ನಂಬರ್ ಮುಚ್ಚಿ.

ತಾವಾಗಿಯೇ ಫೋನ್ ಮಾಡಿ "ನಿಮ್ಮ ಕಂಪ್ಯೂಟರಲ್ಲಿ ತೊಂದರೆ ಇದೆ, ರಿಮೋಟ್ ಕೊಡಿ" ಎನ್ನುವವರನ್ನು ನಂಬಬೇಡಿ. ಫೋನ್ ಇಟ್ಟು, ಒಪ್ಪಂದದ ಕಾಗದದಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ. ರಿಮೋಟ್ ಕೊಟ್ಟ ಮೇಲೆ ಒಬ್ಬರು ಸ್ಕ್ರೀನ್ ಮುಂದೆ ಕೂತಿರಲಿ. ಪಾಸ್‌ವರ್ಡನ್ನು ಬಾಯಲ್ಲಿ ಹೇಳದೆ ನೀವೇ ಟೈಪ್ ಮಾಡಿ. ಕೆಲಸ ಮುಗಿದ ಕೂಡಲೇ ರಿಮೋಟ್ ಮುಚ್ಚಿ, ಯಾವ ಸೆಟ್ಟಿಂಗ್ ಬದಲಾಯಿಸಿದರು ಎಂದು ಕೇಳಿ ದಿನಾಂಕದ ಸಮೇತ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ "ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ" ಎಂದು ಹುಡುಕುವವರು ಮೊದಲು ತೆರೆಯುವುದು ಆ ಪುಟವನ್ನೇ.